ಮುದ್ರೆ ನಿಜ, ದೊರೆ ಸುಳ್ಳು

ಗುಬ್ಬಿ, ಕುಣಿಗಲು, ತುಮಕೂರಿನ ಕಡೆಯ ಊರುಗಳಿಗೆ ಹಗಲುವೇಷದವರು ತಪ್ಪದೆ ಬರುತ್ತಿದ್ದ ಕಾಲವೊಂದಿತ್ತು. ಇಂದು ರಾಮ, ನಾಳೆ ರಾವಣ, ನಾಡಿದ್ದು ಖಾಕಿ ತೊಟ್ಟ ಪೋಲೀಸು ದಫೇದಾರ. ದಫೇದಾರನು ಅಂಗಡಿಯ ಮುಂದೆ ನಿಂತು, ತೂಕದ ಕಲ್ಲು ಸರಿಯಿಲ್ಲವೆಂದು ಗದರುವನು. ಅಂಗಡಿಯಾತ ಹೆದರಿದವನಂತೆ ಕೈ ಮುಗಿದು, ನಕ್ಕು, ಒಂದು ಕಾಸು ಕೊಡುವನು. ವೇಷವೆಂಬುದು ಹಾಕಿದವನಿಗೂ ಗೊತ್ತು, ನೋಡಿದವನಿಗೂ ಗೊತ್ತು. ಆದುದರಿಂದ ಆ ಕಾಸನ್ನು ಯಾರೂ ಲಂಚವೆನ್ನಲಿಲ್ಲ. ಅದು ಕಲೆಗೆ ಸಂದ ಕಾಣಿಕೆಯಾಗಿತ್ತು.

ವೇಷವೆಂದು ತಿಳಿಸದೆ ಬರುವ ವೇಷದ ಮಾತು ಬೇರೆ. ಅದೂ ಸೈನ್ಯದ ಉಡುಪಿನಲ್ಲಿ, ಯುದ್ಧದ ಕಾಲದಲ್ಲಿ ಬಂದರೆ ಏನಾಗಬಹುದೆಂಬುದನ್ನು ಜರ್ಮನ್ ನಿರ್ದೇಶಕ ರಾಬರ್ಟ್ ಶ್ವೆಂಟ್ಕೆ 2017ರಲ್ಲಿ ಒಂದು ಚಲನಚಿತ್ರವಾಗಿ ತೋರಿಸಿದ್ದಾನೆ. ‘ದಿ ಕ್ಯಾಪ್ಟನ್’ ಎಂಬ ಹೆಸರಿನಲ್ಲಿ ಹೊರದೇಶಗಳಲ್ಲಿ ಪರಿಚಿತವಾದ ಈ ಕಪ್ಪು-ಬಿಳುಪಿನ ಚಿತ್ರದ ಕಥೆ ಬಹುಮಟ್ಟಿಗೆ ನಡೆದ ಕಥೆ. ಅದನ್ನು ನೋಡಿದ ಕನ್ನಡಿಗನೊಬ್ಬನಿಗೆ ನಮ್ಮದೇ ನಾಡಿನ ಇನ್ನೆರಡು ಹಳೆಯ ಕಥೆಗಳು ನೆನಪಾಗದೆ ಇರಲಾರವು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಜರ್ಮನಿಯ ಕಥೆ. ವಿಲ್ಲಿ ಹೆರೋಲ್ಡನು 1925ರಲ್ಲಿ ಸ್ಯಾಕ್ಸನಿಯ ಲುಂತ್ಸೆನಾವ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದವನು. ಮನೆಗಳ ಹೊಗೆಗೂಡು ಗುಡಿಸುವ ಕೆಲಸ ಕಲಿಯುತ್ತಿದ್ದ ಹುಡುಗ. ಸೈನ್ಯಕ್ಕೆ ಸೇರಿ ಇಟಲಿಯಲ್ಲಿ ಕಾದಿದನು. 1945ರ ಏಪ್ರಿಲ್ ಮೊದಲಲ್ಲಿ, ಜರ್ಮನಿಯ ಸೋಲು ಕಣ್ಣೆದುರಿಗೆ ಕಾಣುತ್ತಿದ್ದಾಗ, ತನ್ನ ತುಕಡಿಯಿಂದ ತಪ್ಪಿಸಿಕೊಂಡು ಒಂಟಿಯಾದ ಈ ಹತ್ತೊಂಬತ್ತರ ಸಾಮಾನ್ಯ ಸಿಪಾಯಿಗೆ ದಾರಿಯಲ್ಲಿ ವಾಯುಪಡೆಯ ಕ್ಯಾಪ್ಟನ್ನನೊಬ್ಬನ ಉಡುಪು, ಪದಕಗಳ ಸಮೇತ, ಸಿಕ್ಕಿತು. ಅದನ್ನು ತೊಟ್ಟನು. ದಾರಿ ತಪ್ಪಿದ ಇತರ ಸಿಪಾಯಿಗಳು ಒಬ್ಬೊಬ್ಬರಾಗಿ ಬಂದು ಸಲಾಮು ಹೊಡೆದು ಅವನ ಹಿಂದೆ ನಡೆದರು. ಅವರಿಗೂ ಒಬ್ಬ ಯಜಮಾನ ಬೇಕಾಗಿದ್ದನು. ಯಜಮಾನನಿಲ್ಲದ ಸಿಪಾಯಿಯನ್ನು ಓಡಿಹೋದವನೆಂದು ಹಿಡಿದು ಕೊಲ್ಲುತ್ತಿದ್ದ ಕಾಲ ಅದು.

ಈ ಗುಂಪು ಎಮ್ಸ್‌ಲ್ಯಾಂಡಿನ ಜೌಗು ಪ್ರದೇಶದಲ್ಲಿದ್ದ ಆಶೆಂಡಾರ್ಫರ್‌ಮೋರ್ ಎಂಬ ಸೆರೆಶಿಬಿರಕ್ಕೆ ಬಂದಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಸೈನಿಕ ನ್ಯಾಯಾಲಯಗಳಿಂದ ಶಿಕ್ಷೆ ಹೊಂದಿದ ಜರ್ಮನ್ ಸಿಪಾಯಿಗಳೇ. ತನಗೆ ಸ್ವತಃ ಹಿಟ್ಲರನ ಅಪ್ಪಣೆಯಿದೆಯೆಂದು ಹೆರೋಲ್ಡ್ ಹೇಳಿದನು. ಏಪ್ರಿಲ್ 12ರಂದು ಒಂದೇ ದಿನದಲ್ಲಿ 98 ಮಂದಿ ಸೆರೆಯಾಳುಗಳು ಗುಂಡಿಗೆ ಬಲಿಯಾದರು. ಮುಂದಿನ ದಿನಗಳಲ್ಲಿ ಸತ್ತವರ ಸಂಖ್ಯೆ ನೂರನ್ನು ಮೀರಿತು. ಏಪ್ರಿಲ್ 19ರಂದು ಬಾಂಬು ಬಿದ್ದು ಶಿಬಿರ ನಾಶವಾದ ಮೇಲೂ ಅವನ ಗುಂಪು ಊರಿಂದೂರಿಗೆ ಹೋಗಿ ಕೊಲ್ಲುತ್ತಲೇ ಇದ್ದಿತು. ಬಿಳಿಯ ಬಾವುಟ ಹಾರಿಸಿದ ರೈತನೊಬ್ಬನನ್ನು ನೇಣು ಹಾಕಿದರು. ಲೇರ್ ಪಟ್ಟಣದಲ್ಲಿ ಐವರು ಡಚ್ಚರನ್ನು ಬೇಹುಗಾರರೆಂದು ಕೊಂದರು.

ಈ ಕಥೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸಬೇಕಾದ ಸಂಗತಿ ಕೊಲೆಗಳ ಸಂಖ್ಯೆಯೊಂದೇ ಅಲ್ಲ. ಕೊಲ್ಲುವುದಕ್ಕೆ ಮುನ್ನ ಶಿಬಿರದ ಅಧಿಕಾರಿಗಳೂ ಸ್ಥಳೀಯ ಪಕ್ಷದ ಮುಖಂಡರೂ ಸುಮ್ಮನೆ ಕುಳಿತಿರಲಿಲ್ಲ. ಟೆಲಿಫೋನು ಹಚ್ಚಿ ಮೇಲಿನವರನ್ನು ಕೇಳಿದರು. ಎಮ್ಡೆನ್ ಪಟ್ಟಣದ ಗೆಸ್ಟಪೊ ಕಚೇರಿಯಿಂದ ಒಪ್ಪಿಗೆ ಬಂದಿತು. ಎಂದರೆ, ಸುಳ್ಳು ಕ್ಯಾಪ್ಟನ್ನನ ಕೈಗೆ ನಿಜವಾದ ಪರವಾನಗಿ! ಬಂದೂಕು ಹಿಡಿದವರಲ್ಲಿ ಶಿಬಿರದ ನಿಜವಾದ ಕಾವಲಿನವರೂ ಇದ್ದರು. ಆ ಅವಸರದಲ್ಲಿ ಸುಳ್ಳಾಗಿದ್ದುದು ಒಬ್ಬನ ಉಡುಪು ಮಾತ್ರ, ಮಿಕ್ಕುದೆಲ್ಲ ಸರ್ಕಾರಿಯೇ. ಮುಂದೆ ಅವನು ಒಮ್ಮೆ ಜರ್ಮನ್ ಸೈನ್ಯದವರ ಕೈಗೆ ಸಿಕ್ಕಿ, ನಿಜ ಬಯಲಾದರೂ ಬಿಡುಗಡೆ ಹೊಂದಿದನು. ಕಡೆಗೆ ಅವನು ಸಿಕ್ಕಿಬಿದ್ದುದು 1945ರ ಮೇ ತಿಂಗಳಲ್ಲಿ, ಒಂದು ರೊಟ್ಟಿ ಕದ್ದ ತಪ್ಪಿಗಾಗಿ, ಬ್ರಿಟಿಷ್ ನೌಕಾದಳದವರ ಕೈಗೆ. 1946ರ ಆಗಸ್ಟಿನಲ್ಲಿ ಓಲ್ಡೆನ್‌ಬುರ್ಗಿನಲ್ಲಿ ವಿಚಾರಣೆ ನಡೆದು, ಅದೇ ವರ್ಷ ನವೆಂಬರ್ 14ರಂದು ಅವನಿಗೂ ಇನ್ನೈವರಿಗೂ ಮರಣದಂಡನೆಯಾಯಿತು. ಆ ಐವರು ಯಾವ ವೇಷವನ್ನೂ ಹಾಕಿದವರಲ್ಲ. ಇದನ್ನು ಮರೆಯಬಾರದು.

ಅದೇ ಜರ್ಮನಿ ನಲವತ್ತು ವರ್ಷ ಹಿಂದೆ ಇಂಥದೇ ಒಂದು ಪ್ರಸಂಗವನ್ನು ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. 1906ರ ಅಕ್ಟೋಬರ್ 16ರಂದು ವಿಲ್ಹೆಲ್ಮ್ ಫೋಗ್ಟ್ ಎಂಬ ಮುದಿ ಚಮ್ಮಾರ, ಬಾಳಿನ ಬಹುಭಾಗವನ್ನು ಸೆರೆಯಲ್ಲಿ ಕಳೆದವನು, ಹಳೆಯ ಕ್ಯಾಪ್ಟನ್ ಉಡುಪು ಕೊಂಡು ತೊಟ್ಟು, ಬೀದಿಯಲ್ಲಿ ಹೋಗುತ್ತಿದ್ದ ಸಿಪಾಯಿಗಳನ್ನು ಕರೆದುಕೊಂಡು, ಬರ್ಲಿನ್ ಬಳಿಯ ಕೋಪೆನಿಕ್ ಪುರಭವನಕ್ಕೆ ನುಗ್ಗಿ, ಪುರಾಧ್ಯಕ್ಷನನ್ನು ಬಂಧಿಸಿ, ಖಜಾನೆಯಲ್ಲಿದ್ದ ಮೂರೂವರೆ ಸಾವಿರಕ್ಕೂ ಮಿಕ್ಕ ಮಾರ್ಕುಗಳನ್ನು ಎತ್ತಿಕೊಂಡು ಹೋದನು. ನಾಲ್ಕು ವರ್ಷದ ಸೆರೆಯಾದರೂ 1908ರಲ್ಲಿ ಕೈಸರನೇ ಕ್ಷಮಿಸಿದನು. ಕಾರ್ಲ್ ತ್ಸುಕ್‌ಮಾಯರ್ 1931ರಲ್ಲಿ ಇದನ್ನು ನಾಟಕವಾಗಿಸಿ ಹೆಸರು ಪಡೆದನು. ನಕ್ಕವರು ಉಡುಪಿನ ಮುಂದೆ ಬಾಗುವ ತಮ್ಮ ಬೆನ್ನನ್ನು ಕಂಡು ನಕ್ಕರೇ ವಿನಾ ಅದನ್ನು ನೆಟ್ಟಗೆ ಮಾಡಿಕೊಳ್ಳಲಿಲ್ಲ. 1945ರಲ್ಲಿ ಅದೇ ಬೆನ್ನು ಮತ್ತೆ ಬಾಗಿತು.

ಜರ್ಮನರು ಹಾಗೆಯೇ, ಶಿಸ್ತಿನ ಹುಚ್ಚಿನವರು, ನಮ್ಮಲ್ಲಿ ಇದು ನಡೆಯದು ಎಂದು ಓದುಗರು ಹೇಳಬಹುದು. ಹಾಗೆ ಹೇಳುವವರು ಒಮ್ಮೆ ತುಮಕೂರಿಗೆ ಹತ್ತಿರದ ಹಿರೇಹಳ್ಳಿಗೆ ಬರಬೇಕು. ಹಿರೇಹಳ್ಳಿ ಬೆಂಗಳೂರು-ತುಮಕೂರು ಹೆದ್ದಾರಿಯ ಮೇಲಿನ ಊರು. ಇದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋದರೆ ಡಾಬಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ಹೊರಳಿ ಕೊರಟಗೆರೆಯನ್ನು ದಾಟಿದರೆ ಮಧುಗಿರಿಯ ಏಕಶಿಲೆಯ ಬೆಟ್ಟ, ಅದರ ಮೇಲೆ ಕೋಟೆ. ದಿನವೂ ಸಾವಿರಾರು ಮಂದಿ ಓಡಾಡುವ ಈ ಎರಡು ಊರುಗಳಿಗೂ ದೂರದ ಮಲೆನಾಡಿನ ಇಬ್ಬರು ಸುಳ್ಳು ದೊರೆಗಳ ಕಥೆಗೂ ನಂಟಿದೆ. ಮಧುಗಿರಿ ಮೊದಲನೆಯವನ ಸೆರೆಮನೆಯಾಯಿತು. ಡಾಬಸ್‌ಪೇಟೆಯ ಹೆಸರು ಎರಡನೆಯವನ ದಂಗೆಯಿಂದ ಉಂಟಾದ ಆಡಳಿತದ ಗುರುತು.

ಮೊದಲನೆಯದು ಹೈದರಾಲಿಯ ಕಾಲದ್ದು. ಕೆಳದಿಯ ಅರಸರ ರಾಜಧಾನಿ ಆಗ ಬಿದನೂರು. 1757ರಲ್ಲಿ ಎಳೆಯ ಅರಸು ಚನ್ನಬಸಪ್ಪನಾಯಕ ತೀರಿಹೋದನು. ರಾಣಿ ವೀರಮ್ಮಾಜಿಯೇ ಜಟ್ಟಿಯೊಬ್ಬನಿಂದ ಕೊಲ್ಲಿಸಿದಳೆಂಬ ಮಾತು ಹಬ್ಬಿತು. ಕೆಲವು ವರ್ಷಗಳ ಮೇಲೆ ಒಬ್ಬ ಯುವಕ ಚಿತ್ರದುರ್ಗದಲ್ಲಿ ಕಾಣಿಸಿಕೊಂಡು, ತಾನೇ ಚನ್ನಬಸಪ್ಪನಾಯಕ, ಜಟ್ಟಿ ಕನಿಕರದಿಂದ ತನ್ನನ್ನು ಕೊಲ್ಲದೆ ಮನೆಯಲ್ಲಿ ಬಚ್ಚಿಟ್ಟು ಸಾಕಿದನು ಎಂದನು. ಚಿತ್ರದುರ್ಗದ ನಾಯಕನು ಅವನನ್ನು ಹೈದರನಿಗೆ ಒಪ್ಪಿಸಿದನು. ಹೈದರನು ಅವನ ಮಾತನ್ನು ನಂಬಿದನೆಂದು ಯಾವ ಇತಿಹಾಸಕಾರನೂ ಹೇಳಲಾರ. ನಂಬಬೇಕಾದ ಅಗತ್ಯವೂ ಅವನಿಗಿರಲಿಲ್ಲ. ಹಕ್ಕಿನ ಅರಸನನ್ನು ಪಟ್ಟಕ್ಕೆ ಕೂರಿಸಲು ಹೊರಟಿದ್ದೇನೆ ಎಂಬ ಒಂದು ನೆಪ ಅವನ ದಂಡಿಗೆ ಬೇಕಾಗಿತ್ತು, ಅಷ್ಟೆ. ಸುಳ್ಳು ದೊರೆಯ ಹೆಸರಿನಲ್ಲಿ ಪ್ರಜೆಗಳಿಗೆ ಅಭಯಪತ್ರಗಳು ಹೊರಟುವು.

ಹೈದರನ ಸಿಪಾಯಿಗಳಿಗೆ ಮಾತ್ರ ಭ್ರಮೆಯಿರಲಿಲ್ಲ. ಅವರು ಆ ಯುವಕನನ್ನು ‘ಗೈಬು ರಾಜ’ ಎಂದು ಹಾಸ್ಯ ಮಾಡುತ್ತಿದ್ದರೆಂದು ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ದಾಖಲಿಸಿದ್ದಾನೆ. ಗೈಬಾಗಿ ಮತ್ತೆ ಪ್ರತ್ಯಕ್ಷನಾದ ದೊರೆ! 1763ರಲ್ಲಿ ಬಿದನೂರು ಬಿದ್ದಿತು. ಅಲ್ಲಿ ಸಿಕ್ಕ ಸಂಪತ್ತೇ ಹೈದರನ ಮುಂದಿನ ಏಳಿಗೆಗೆಲ್ಲ ತಳಹದಿಯಾಯಿತು. ಊರಿಗೆ ಅವನದೇ ಹೆಸರಾಯಿತು. ‘ಹೈದರ್ ನಗರ’ವು ನಮ್ಮ ನಾಲಗೆಯಲ್ಲಿ ‘ನಗರ’ವಾಗಿ ಉಳಿಯಿತು. ಕೆಲಸ ತೀರಿದ ಮೇಲೆ ಗೈಬು ರಾಜನ ಗತಿ ಏನಾಯಿತು? ಯಾವ ರಾಣಿಯನ್ನು ಇಳಿಸುವುದಕ್ಕೆಂದು ಅವನನ್ನು ಎತ್ತಿ ಹಿಡಿದಿದ್ದರೋ ಆ ರಾಣಿಯ ಜೊತೆಯಲ್ಲೇ ಅವನನ್ನೂ ಮಧುಗಿರಿಯ ಕೋಟೆಗೆ ಕಳುಹಿಸಿದರು. ನಿಜವಾದ ರಾಣಿಗೂ ಸುಳ್ಳು ರಾಜನಿಗೂ ಒಂದೇ ಸೆರೆ. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಗೆದ್ದಾಗ ಆ ಸೆರೆಯ ಬಾಗಿಲು ತೆರೆಯಿತು.

ಎರಡನೆಯ ಕಥೆ ಇನ್ನೂ ತೊಡಕಿನದು. ಟಿಪ್ಪುವಿನ ಪತನವಾಗಿ, ನಗರದ ಸೀಮೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಸೇರಿತ್ತು. ಪೂರ್ಣಯ್ಯನವರ ತರುವಾಯ ಆಡಳಿತ ಸಡಿಲವಾಯಿತು. ಇಷ್ಟು ಹುಟ್ಟುವಳಿ ತಂದೇ ತರುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುವ ಷರತ್ತಿನ ಪದ್ಧತಿ ಬಂದಿತು. ಕೊರತೆ ಬಿದ್ದರೆ ಅವನೇ ತುಂಬಬೇಕು. ತುಂಬುವವನು ಯಾರಿಂದ ತುಂಬಿಸುತ್ತಾನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಧಾನ್ಯದ ಬೆಲೆ ಇಳಿಯಿತು, ಕಂದಾಯ ಇಳಿಯಲಿಲ್ಲ. ಶಿವಪ್ಪನಾಯಕನು ಹಾಕಿಕೊಟ್ಟ ಭೂಕಂದಾಯದ ‘ಶಿಸ್ತ’ನ್ನು ಹಿರಿಯರಿಂದ ಕೇಳಿ ತಿಳಿದಿದ್ದ ಮಲೆನಾಡಿನ ರೈತರು ದೂರು ಕೊಟ್ಟರು; ದೂರಿನ ಮೇಲೆ ವಿಚಾರ ನಡೆಸಬೇಕಾದವರು ಬಹಳ ಕಡೆ ದೂರಿಗೆ ಗುರಿಯಾದವರೇ ಆಗಿದ್ದರು. 1830ರಲ್ಲಿ ರೈತರು ಕೂಟಗಳಾಗಿ ಸೇರಿ ಕಂದಾಯ ಕೊಡೆವೆಂದರು.

ಆಗ ಮುಂದೆ ಬಂದವನು ಬೂದಿ ಬಸವಪ್ಪ. ಅವನ ಮೊದಲ ಹೆಸರು ಸದರಮಲ್ಲ. ಸಾಮಾನ್ಯ ಒಕ್ಕಲ ಮನೆಯಲ್ಲಿ ಹುಟ್ಟಿ, ಹರೆಯದಲ್ಲಿಯೇ ದರೋಡೆಗಾರರ ಸಹವಾಸ ಮಾಡಿದವನು. ಕೆಳದಿಯ ಕೊನೆಯ ಅರಸರ ಮನೆಗೆ ಬೇಕಾದವನಾಗಿದ್ದ ಒಬ್ಬ ಮುದುಕ ಜಂಗಮನ ಸೇವೆಗೆ ಸೇರಿದನು. ಆ ಜಂಗಮನ ಬಳಿ ಅರಸುಮನೆತನದ ಮುದ್ರೆಯುಂಗುರಗಳಿದ್ದುವು. ಜಂಗಮನು ತೀರಿಕೊಂಡ ಮೇಲೆ ಅವು ಸದರಮಲ್ಲನ ಕೈ ಸೇರಿದುವು. ಸದರಮಲ್ಲ ಬೂದಿ ಬಸವಪ್ಪನಾದನು, ನಗರದ ಹಕ್ಕುದಾರನಾದನು. ದೊರೆ ಸುಳ್ಳು, ಆದರೆ ಮುದ್ರೆ ನಿಜ. ಹೆರೋಲ್ಡನ ಉಡುಪೂ ನಿಜವಾದ ಉಡುಪೇ ಆಗಿತ್ತಲ್ಲವೇ?

ಇಲ್ಲಿ ನಮ್ಮ ಸಾಹಿತ್ಯಚರಿತ್ರೆಯ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಇದೇ ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ, ಈ ದಂಗೆಗೆ ಏಳು ವರ್ಷ ಹಿಂದೆ, 1823ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಬರೆದನು. ಅಮಾತ್ಯರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಬಿದ್ದು, ಅದರ ಒತ್ತಿನಿಂದ ಸುಳ್ಳು ಪತ್ರವು ನಿಜವಾಗಿ, ಒಂದು ಪಕ್ಷವೇ ಮುರಿದುಹೋಗುವ ಕಥೆ ಅದು. ಉಂಗುರವೊಂದು ಯಾರ ಬೆರಳಿಗೆ ಹೋದರೂ ಮುದ್ರೆ ಒಂದೇ ಬಗೆಯಾಗಿ ಬೀಳುತ್ತದೆಂಬ ನೀತಿ ಮೈಸೂರಿನ ಪಂಡಿತರಿಗೆ ತಿಳಿಯದುದಲ್ಲ. ತಿಳಿದುದು ಗ್ರಂಥದಲ್ಲಿತ್ತು, ನಡೆದುದು ನಗರದಲ್ಲಿ.

ಬೂದಿ ಬಸವಪ್ಪನನ್ನು ಕೂಟದ ರೈತರೆಲ್ಲರೂ ನಿಜವಾದ ಅರಸನೆಂದು ನಂಬಿದರೇ? ಕೆಲವರು ನಂಬಿರಬಹುದು. ಆದರೆ ಅವನಿಗೆ ಬೆಂಬಲ ಕೊಟ್ಟುದು ನಂಬಿಕೆಗಿಂತ ಹೆಚ್ಚಾಗಿ ನೋವು. ಕೇಳುವ ಕಿವಿ ಇಲ್ಲದಾಗ ಕೂಗುವುದಕ್ಕೆ ಒಂದು ಹೆಸರು ಬೇಕು. ಕೆಳದಿಯ ಹೆಸರು ಅವರ ನಾಲಗೆಯ ಮೇಲೆಯೇ ಇತ್ತು. ಪದವಿ ಕಳೆದುಕೊಂಡ ಹಳೆಯ ಅಧಿಕಾರಿಗಳ ಒಳಸಂಚೂ ಇದ್ದಿತೆಂದು ಆಗಿನವರು ಶಂಕಿಸಿದರು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಮೈಸೂರಿನಿಂದ ತಪ್ಪಿಸಿಕೊಂಡು ಬಂದು ದಂಗೆಯನ್ನು ಸೇರಿದನು. ದಂಗೆಕೋರರ ಕೈಯಲ್ಲಿ ಕೊಳ್ಳೆಯೂ ನಡೆಯಿತು, ಕೊಲೆಯೂ ನಡೆಯಿತು; ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ತಕ್ಕುದಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಹೊಳೆಹೊನ್ನೂರಿನಲ್ಲಿ ಸೇರಿದ್ದ ರೈತರ ಮೇಲೆ ಗುಂಡು ಹಾರಿಸಿದುದು ನಿಜವಾದ ಸರ್ಕಾರದ ನಿಜವಾದ ಸೈನ್ಯ. ಮಹಾರಾಜರು ಚನ್ನರಾಯಪಟ್ಟಣದ ಕಡೆಗೆ ದಂಡಿನೊಡನೆ ಸಂಚಾರ ಹೊರಟಾಗ ಹಲವರನ್ನು ಗಲ್ಲಿಗೇರಿಸಿದುದೂ ನಿಜವಾದ ಅಪ್ಪಣೆಯ ಮೇಲೆಯೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಇಂಥ ಸಮಯಕ್ಕೇ ಹುಟ್ಟಿದುದು. ಸತ್ತವನ ಮನೆಯವರಿಗೆ ಗುಂಡು ಅಸಲಿ ಮುದ್ರೆಯದೋ ನಕಲಿ ಮುದ್ರೆಯದೋ ಎಂಬುದರಿಂದ ಏನು ಸಮಾಧಾನ?

ಕೊನೆಗೆ ಕಂಪನಿಯ ಸೈನ್ಯ ಬಂದು 1831ರ ಜೂನಿನಲ್ಲಿ ನಗರವನ್ನು ಹಿಡಿಯಿತು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮಹಾರಾಜರಿಂದ ಆಡಳಿತವನ್ನೇ ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಮೈಸೂರು ಮತ್ತೆ ಅರಸರ ಕೈಗೆ ಬಂದುದು ಅರ್ಧ ಶತಮಾನ ಕಳೆದ ಮೇಲೆ, 1881ರ ಮಾರ್ಚ್ 25ರಂದು. ಈ ನಡುವಣ ಕಮಿಷನರ ಆಳ್ವಿಕೆಯಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿ ತುಮಕೂರಿನಲ್ಲಿ ಬಹುಕಾಲ ನೆಲೆಸಿದ್ದವನು ಡಾಬ್ಸ್. ಅವನ ಹೆಸರಿನದೇ ಡಾಬಸ್‌ಪೇಟೆ. ಮಲೆನಾಡಿನ ಒಬ್ಬ ಜಂಗಮನ ಜೋಳಿಗೆಯಿಂದ ಹೊರಬಿದ್ದ ಉಂಗುರಗಳ ಕಥೆ ಬಯಲುಸೀಮೆಯ ಒಂದು ಪೇಟೆಯ ಹೆಸರಿನವರೆಗೆ ಬಂದು ಮುಟ್ಟಿತು.

ನಗರದ ದಂಗೆ ಅಡಗಿ ಆರು ವರ್ಷಗಳೊಳಗೆ ಕೊಡಗಿನ ಗಡಿಯಲ್ಲಿ ಇಂಥದೇ ಮತ್ತೊಂದು ಪ್ರಸಂಗ ನಡೆಯಿತು. ಕೊಡಗಿನ ಅರಸುಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯನ್ನು ಇಂಗ್ಲಿಷರು ಸೆರೆಹಿಡಿದಿದ್ದರು. ಅವನ ಹೆಸರನ್ನು ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನು ತೊಟ್ಟುಕೊಂಡನು. ಉಪ್ಪು, ಹೊಗೆಸೊಪ್ಪಿನ ಸುಂಕ ತೆಗೆಯುವ ಮಾತು ಕೊಟ್ಟು ಹೊರಟ ಆ ದಂಡು 1837ರ ಏಪ್ರಿಲ್ 5ರಂದು ಮಂಗಳೂರನ್ನೇ ವಶಪಡಿಸಿಕೊಂಡು, ಸುಮಾರು ಎರಡು ವಾರ ಆಳಿತು. ಇಂಗ್ಲಿಷರು ಅವನನ್ನು ಗಲ್ಲಿಗೇರಿಸಿದರು. ಇಂದು ಸುಳ್ಯದ ಕಡೆಯ ಜನ ಅವನನ್ನೂ ಅವನ ಸಂಗಡಿಗರನ್ನೂ ಹುತಾತ್ಮರೆಂದು ನೆನೆಯುತ್ತಾರೆ. ಹೆಸರು ಎರವಲಿನದು, ಕೊಟ್ಟ ಪ್ರಾಣ ಎರವಲಿನದಲ್ಲ.

ಹಾಗಾದರೆ ಹೆರೋಲ್ಡನನ್ನೂ ಇವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದೇ? ಸಲ್ಲದು. ಪುಟ್ಟಬಸಪ್ಪನ ಹಿಂದೆ ಸುಂಕದ ಭಾರ ಹೊತ್ತವರಿದ್ದರು. ಬೂದಿ ಬಸವಪ್ಪನ ಹಿಂದೆ, ಅವನ ಗುಣ ಏನೇ ಇರಲಿ, ಕಂದಾಯದ ಏಟು ತಿಂದವರಿದ್ದರು. ಗೈಬು ರಾಜನ ಹಿಂದೆ ಒಬ್ಬ ದಂಡನಾಯಕನ ಆಸೆಯಿತ್ತು. ಹೆರೋಲ್ಡನ ಹಿಂದೆ ಇದ್ದುದು ಕೊಲ್ಲಲು ಕಾದಿದ್ದ ಒಂದು ವ್ಯವಸ್ಥೆ. ಎಲ್ಲರಿಗೂ ಸಮಾನವಾದುದು ಒಂದೇ: ವೇಷಧಾರಿಯು ತನ್ನ ಬಲದಿಂದ ಏನನ್ನೂ ಮಾಡಲಿಲ್ಲ. ಉಡುಪಿಗೆ ಗುಂಡು ಹಾರಿಸುವ ಕೈಯಿಲ್ಲ, ಉಂಗುರಕ್ಕೆ ಕತ್ತಿ ಹಿಡಿಯುವ ಕೈಯಿಲ್ಲ. ಆ ಕೈಗಳನ್ನು ಒದಗಿಸಿದವರು ನಿಜವಾದ ಮನುಷ್ಯರು. ಆದುದರಿಂದ, ಬಂದವನು ಅಸಲಿಯೋ ನಕಲಿಯೋ ಎಂದು ಕೇಳಿದರಷ್ಟೆ ಸಾಲದು. ಹೆರೋಲ್ಡ್ ನಿಜವಾದ ಕ್ಯಾಪ್ಟನ್ನನೇ ಆಗಿದ್ದರೆ ಆ 98 ಮಂದಿಯ ಕೊಲೆ ನ್ಯಾಯವಾಗುತ್ತಿತ್ತೇ? ಅಪ್ಪಣೆ ಕೊಟ್ಟವನ ಗುರುತುಚೀಟಿಯನ್ನು ನೋಡುವುದು ಮೊದಲ ಕೆಲಸ. ಅಪ್ಪಣೆಯನ್ನೇ ತೂಗಿ ನೋಡುವುದು ಅದಕ್ಕಿಂತ ದೊಡ್ಡ ಕೆಲಸ.

ಇದು ಹಳೆಯ ಕಾಲದ ಮಾತೆಂದು ಪತ್ರಿಕೆ ಮಡಿಸಿಡುವ ಹಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಂಥ ನಗರಗಳ ಓದಿದವರ ಮನೆಗಳಿಗೇ ಹಗಲುವೇಷ ಮತ್ತೆ ಬಂದಿದೆ, ಈ ಸಲ ಮೊಬೈಲಿನ ಪರದೆಯ ಮೇಲೆ. ಖಾಕಿ ತೊಟ್ಟವನೊಬ್ಬ, ಅವನ ಬೆನ್ನ ಹಿಂದೆ ಠಾಣೆಯಂಥ ಒಂದು ಕೋಣೆ, ಎದುರಿಗೆ ಮೊಹರು ಒತ್ತಿದ ಕಾಗದ. ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ, ಯಾರೊಡನೆಯೂ ಮಾತಾಡಕೂಡದು, ಹಣವನ್ನು ಈ ಖಾತೆಗೆ ಹಾಕಿರಿ ಎಂಬ ಅಪ್ಪಣೆ. ನಿವೃತ್ತ ಅಧಿಕಾರಿಗಳು, ವೈದ್ಯರು, ಅಧ್ಯಾಪಕರು ಬಾಳಿನ ಉಳಿತಾಯವನ್ನೇ ಕಳೆದುಕೊಂಡಿದ್ದಾರೆ. ಇಂಥ ಬಂಧನವೊಂದು ನಮ್ಮ ಕಾನೂನಿನಲ್ಲಿಯೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು.

ಮೋಸಹೋದವರನ್ನು ದಡ್ಡರೆಂದು ನಗುವುದು ಸುಲಭ. ಆದರೆ ಅವರು ಹೆದರಿದುದು ವೇಷಕ್ಕಲ್ಲ. ನಿಜವಾದ ಕಚೇರಿ, ನಿಜವಾದ ಠಾಣೆ ನಮ್ಮಲ್ಲಿ ಬೆಳೆಸಿರುವ ಅಭ್ಯಾಸಕ್ಕೆ. ಕಾರಣ ಕೇಳಿದವನನ್ನು ಗದರಿಸುವ ಮೇಜು ಅಸಲಿಯಾಗಿದ್ದಷ್ಟೂ ನಕಲಿ ಮೇಜಿನ ವ್ಯಾಪಾರ ಸುಲಭ. 1860ರ ದಂಡಸಂಹಿತೆ ಸರ್ಕಾರಿ ನೌಕರನ ಉಡುಪನ್ನೋ ಗುರುತನ್ನೋ ಮೋಸಕ್ಕೆ ಧರಿಸುವುದನ್ನು ಅಪರಾಧವೆಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಹಾಗೆಯೇ ಹೇಳುತ್ತದೆ. ಕಾನೂನು ವೇಷಧಾರಿಯನ್ನು ಶಿಕ್ಷಿಸಬಲ್ಲದು. ಪ್ರಜೆಯ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಅದರಿಂದಾಗದು. ‘ಸ್ವಾಮಿ, ಇದು ಯಾವ ಕಾನೂನಿನ ಮೇರೆಗೆ?’ ಎಂದು ಪ್ರಜೆಯು ಮರ್ಯಾದೆಯಿಂದ ಕೇಳಿದಾಗ, ಮರ್ಯಾದೆಯಿಂದಲೇ ಉತ್ತರ ಕೊಡುವ ರೂಢಿ ನಿಜವಾದ ಕಚೇರಿಗಳಲ್ಲಿ ಬೆಳೆಯಬೇಕು. ನಗರದ ರೈತರು 1830ರಲ್ಲಿ ಕೇಳಿದುದೂ ಇಂಥದೇ ಪ್ರಶ್ನೆ. ಅಂದು ಅದಕ್ಕೆ ಉತ್ತರ ಸಿಕ್ಕಿದ್ದರೆ ಬೂದಿ ಬಸವಪ್ಪನ ಉಂಗುರಗಳು ಅವನ ಜೋಳಿಗೆಯಲ್ಲಿಯೇ ಉಳಿಯುತ್ತಿದ್ದುವು.